ಅಂತ್ಯಕಾಲದ ಪ್ರವಾದನೆ ಓದ್ಬೇಕಾ? ಪ್ರಕಟನೆ 13ರಿಂದ ಮಾತ್ರ ಶುರು ಮಾಡ್ಬೇಡಿ

ನಮ್ಮ ಮನೆಕೂಟದಲ್ಲಿ ವರ್ಷದ ಶುರುವಲ್ಲಿ "ಈ ಸಲ ಯಾವ ಪುಸ್ತಕ ಓದೋಣ" ಅಂತ ಕೇಳಿದ್ರೆ ಒಬ್ರಾದ್ರೂ "ಪ್ರಕಟನೆ ತಗೊಳ್ಳೋಣ ಬ್ರದರ್" ಅಂದೇ ಅಂತಾರೆ, ಯಾಕಂದ್ರೆ ಆ ವಾರ ಅವ್ರ ವಾಟ್ಸಾಪಿಗೆ ಯೂಫ್ರೇಟೀಸ್ ನದಿ ಬತ್ತಿ ಹೋಗಿರೋ ವಿಡಿಯೋನೋ, ಕೈಯೊಳಗೆ ಚಿಪ್ ಹಾಕೋ ಕಥೆನೋ ಬಂದಿರತ್ತೆ. ಕೂತ ತಕ್ಷಣ ಎಲ್ರೂ ಬೈಬಲಿನ ಆ ಕೊನೇ ಪುಸ್ತಕದ 13ನೇ ಅಧ್ಯಾಯಕ್ಕೆ ನೇರ ಹಾರ್ತಾರೆ. ಮೃಗ, ಗುರುತು, 666. ಎರಡನೇ ವಾರಕ್ಕೆ ವಾದ, ಮೂರನೇ ವಾರಕ್ಕೆ ಅರ್ಧ ಜನ ನಾಪತ್ತೆ. ನಾನೇ ಮುಂದೆ ನಿಂತು ಹೀಗೆ ಎರಡು ಸಲ ಕೂಟ ಕೆಡಿಸಿದೀನಿ, ಆದ್ರಿಂದ ಇದನ್ನ ಕೈ ಸುಟ್ಕೊಂಡವನ ಮಾತು ಅಂತ ಓದ್ಕೊಳ್ಳಿ, ಪಂಡಿತನ ಮಾತು ಅಂತಲ್ಲ.

ಕಲ್ತಿದ್ದು ಒಂದೇ. ಈ ಭಾಗಗಳೆಲ್ಲ ಯಾವ್ದೋ ಊರಲ್ಲಿ ಏನೋ ಕಷ್ಟದಲ್ಲಿದ್ದ ಜನಕ್ಕೆ ಬಂದ ಮಾತು, ಅವ್ರಿಗೆ ಅದು ಏನಂತ ಕೇಳಿಸ್ತು ಅನ್ನೋದನ್ನ ಬಿಟ್ಟು ನಮ್ಗೇನು ಹೇಳತ್ತೆ ಅಂತ ಓಡಿದ್ರೆ, ಪಕ್ಕದ ಮನೆಗೆ ಬಂದ ಕಾಗದದ ಮಧ್ಯದ ಹಾಳೆ ಮಾತ್ರ ಓದಿ "ಅಯ್ಯೋ ಇದು ನನ್ ಬಗ್ಗೆನೇ" ಅಂತ ಗಾಬರಿ ಬಿದ್ದ ಹಂಗಾಗತ್ತೆ.

ಮೊದ್ಲು "ಪ್ರವಾದನೆ" ಅನ್ನೋ ಪದ ನೋಡಿ. ಅದು ಕಿವಿಗೆ ಬಿದ್ದ ತಕ್ಷಣ ತಲೇಲಿ ಓಡೋದು ಭವಿಷ್ಯ. ನಮ್ ಕಡೆಯೋರಿಗೆ ಮೈಲಾರದ ಕಾರ್ಣಿಕ ಗೊತ್ತು, ಗೊರವಯ್ಯ ಬಿಲ್ಲು ಹತ್ತಿ ಒಂದೇ ಒಂದು ಸಾಲು ನುಡೀತಾರೆ, ಆಮೇಲೆ ಮಳೆ ಅಂತಾರೆ, ಬೆಳೆ ಅಂತಾರೆ, ಸರ್ಕಾರದ ಕಥೆ ಅಂತಾರೆ, ಆ ಸಾಲಿಗೆ ಆ ವರ್ಷದ ಅರ್ಥ ಹಚ್ಚೋದು ಕೇಳೋರ ಕೆಲ್ಸ. ಗೊತ್ತಿಲ್ದೇ ನಾವು ಬೈಬಲಿನ ಪ್ರವಾದಿಗಳನ್ನೂ ಹಂಗೇ ಓದ್ತೀವಿ, ಒಂದು ವಚನ ಕಿತ್ಕೊಂಡು ಇವತ್ತಿನ ಪೇಪರಿಗೆ ಅಂಟಿಸ್ತೀವಿ. ಆದ್ರೆ ಆಮೋಸನನ್ನ ತೆಗೆದು ನೋಡಿ, ಒಂದು ಜೊತೆ ಕೆರಕ್ಕೋಸ್ಕರ ಬಡವನನ್ನ ಮಾರ್ತೀರಲ್ಲ ಅಂತ ಬೈಯೋದ್ರಲ್ಲೇ ಅವನ ಅರ್ಧ ಪುಸ್ತಕ ಹೋಗತ್ತೆ. ಮುಂದಾಗೋದನ್ನ ಹೇಳೋದು ಜನ ಈಗ ತಿರುಗ್ಲಿ ಅಂತ. ಯೋನನ ಕಥೆ ಇದಕ್ಕೆ ಸರಿಯಾದ ಸಾಕ್ಷಿ, 40 ದಿನಕ್ಕೆ ನಿನೆವೆ ಹಾಳಾಗತ್ತೆ ಅಂತ ಸಾರಿದ, ಜನ ತಿರುಗಿದ್ರು, ನಿನೆವೆ ಹಾಳಾಗ್ಲಿಲ್ಲ, ತನ್ನ ಪ್ರವಾದನೆ ಹುಸಿಯಾಯ್ತು ಅಂತ ಪ್ರವಾದಿಯೇ ಕೋಪ ಮಾಡ್ಕೊಂಡು ಊರಾಚೆ ಕೂತ.

"ಕಡೇ ದಿವಸಗಳು" ಅನ್ನೋದನ್ನೂ ನಾನು ಬಹಳ ವರ್ಷ ಮುಂದೆಂದೋ ಬರೋ ಕೊನೇ ಏಳು ವರ್ಷ ಅಂತಲೇ ಅಂದ್ಕೊಂಡಿದ್ದೆ. ಅಪೊಸ್ತಲರ ಕೃತ್ಯಗಳು 2ರಲ್ಲಿ ಯೇಸುವಿನ ಶಿಷ್ಯ ಪೇತ್ರ, ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನ ಎದ್ದು ನಿಂತು, ಪ್ರವಾದಿ ಯೋವೇಲ ಹೇಳಿದ ಕಡೇ ದಿವಸಗಳು ಅಂದ್ರೆ ಇದೇ, ನಿಮ್ ಕಣ್ಮುಂದೆ ಆಗ್ತಿರೋದೇ ಅಂತಾನೆ. ಅಂದ್ರೆ ಕಡೇ ದಿವಸ ಶುರುವಾಗಿ ಹೆಚ್ಚುಕಮ್ಮಿ 2000 ವರ್ಷ ಆಯ್ತು. ಇದು ತಲೆಗೆ ಹೋದ್ರೆ ಅರ್ಧ ಆತಂಕ ತಾನಾಗೇ ಇಳಿಯತ್ತೆ.

ಸರಿ, ಎಲ್ಲಿಂದ ಶುರು ಮಾಡೋದು? ನನ್ ಕೇಳಿದ್ರೆ ದಾನಿಯೇಲ 8. 2 ಅಲ್ಲ, 7 ಅಲ್ಲ, 8. ಯಾಕಂದ್ರೆ ಅದು ಪ್ರಶ್ನೆಪತ್ರಿಕೆ ಜೊತೆಗೇ ಉತ್ತರಾನೂ ಕೊಡೋ ಅಧ್ಯಾಯ. ದರ್ಶನದಲ್ಲಿ ಒಂದು ಟಗರು, ಎರಡು ಕೊಂಬು, ಅದ್ರಲ್ಲಿ ಆಮೇಲೆ ಮೂಡಿದ್ದು ಹೆಚ್ಚು ಉದ್ದ. ಪಶ್ಚಿಮದಿಂದ ಒಂದು ಹೋತ ನೆಲಕ್ಕೆ ಕಾಲು ತಾಗಿಸದೇ ಓಡಿ ಬರತ್ತೆ, ಕಣ್ಣ ನಡುವೆ ಒಂದೇ ದೊಡ್ಡ ಕೊಂಬು, ಬಂದು ಟಗರನ್ನ ಹಾದು ಕೊಂಬು ಮುರಿದು ನೆಲಕ್ಕೆ ಕೆಡವತ್ತೆ. ಜೋರಾಗಿ ಬೆಳೆದ ಹೊತ್ತಲ್ಲೇ ಆ ದೊಡ್ಡ ಕೊಂಬು ಮುರೀತು, ಅದ್ರ ಜಾಗದಲ್ಲಿ ನಾಲ್ಕು ಬಂದ್ವು, ಆ ನಾಲ್ಕರಲ್ಲಿ ಒಂದರಿಂದ ಒಂದು ಚಿಕ್ಕ ಕೊಂಬು. ಇಷ್ಟು ಓದಿ ಪುಸ್ತಕ ಮುಚ್ಚಿ ಕೂಟದಲ್ಲಿ "ಯಾರಿದು" ಅಂತ ಕೇಳಿ ನೋಡಿ, ಅಮೆರಿಕದಿಂದ ಹಿಡಿದು ಎಲ್ಲಾ ದೇಶಗಳೂ ಬರ್ತವೆ. ಆಮೇಲೆ 20, 21ನೇ ವಚನ ಓದಿಸಿ. ಗಬ್ರಿಯೇಲ ದೂತ ಬಾಯಿಬಿಟ್ಟು ಹೇಳ್ತಾನೆ, ಟಗರು ಅಂದ್ರೆ ಮೇದ್ಯ ಮತ್ತೆ ಪಾರಸಿಯ, ಹೋತ ಅಂದ್ರೆ ಗ್ರೀಕ್ ರಾಜ್ಯ, ದೊಡ್ಡ ಕೊಂಬು ಅದರ ಮೊದಲ ರಾಜ.

ಮಿಕ್ಕಿದ್ದು ಶಾಲೇಲಿ ಓದಿದ ಇತಿಹಾಸ. ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಗೌಗಮೇಲದಲ್ಲಿ ಪರ್ಷಿಯನ್ನರ ಬೆನ್ನು ಮುರಿದ, 323ರಲ್ಲಿ ಬಾಬೆಲಿನಲ್ಲಿ ಸತ್ತ, ಸಾಮ್ರಾಜ್ಯ ಸೇನಾಪತಿಗಳ ನಡುವೆ ಹರಿದು ಹಂಚಿಹೋಯ್ತು. ಆ ಸೇನಾಪತಿಗಳಲ್ಲಿ ಒಬ್ಬ ಸೆಲ್ಯೂಕಸ್, ಅವನ ಮನೆತನದಲ್ಲಿ ಬಂದವನು ನಾಲ್ಕನೇ ಅಂತಿಯೋಕಸ್, ಅವನೇ ಆ ಚಿಕ್ಕ ಕೊಂಬು, ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನ ಹೊಲೆ ಮಾಡಿದ, ನಿತ್ಯಹೋಮ ನಿಲ್ಲಿಸಿದ. ಮಕ್ಕಬಿಯರು ಅನ್ನೋ ಯೆಹೂದ್ಯ ಮನೆತನದೋರು ಹೋರಾಡಿ 164ರಲ್ಲಿ ದೇವಾಲಯ ಶುದ್ಧಿ ಮಾಡಿದ್ರು, ಯೆಹೂದ್ಯರು ಇವತ್ತಿಗೂ ಹನುಕ್ಕಾ ಅಂತ ದೀಪ ಹಚ್ಚೋದು ಅದ್ರ ನೆನಪಿಗೇ. (ಪುಸ್ತಕ ದಾನಿಯೇಲನ ಕಾಲದಲ್ಲೇ ಬರೆದಿದ್ದಾ, ಅಂತಿಯೋಕಸನ ಕಾಲದಲ್ಲಿ ರೂಪಕ್ಕೆ ಬಂದಿದ್ದಾ ಅನ್ನೋ ವಾದ ಪಂಡಿತರ ನಡುವೆ ಇದೆ. ಆ ವಾದ ಮೊದಲ ವಾರ ತೆಗೀಬೇಡಿ, ಮುಗಿಯಲ್ಲ.) ಇಲ್ಲಿ ಕಲಿಯೋ ವ್ಯಾಕರಣ ಏನಂದ್ರೆ ಮೃಗ ಅಂದ್ರೆ ರಾಜ್ಯ, ಕೊಂಬು ಅಂದ್ರೆ ರಾಜ ಇಲ್ಲಾ ಅಧಿಕಾರ, ದೇವಜನರನ್ನ ತುಳಿಯೋ ಆಳ್ವಿಕೆಗೆ ಪ್ರಾಣಿಯ ಮುಖ. ಈ ವ್ಯಾಕರಣ ಇಲ್ದೇ ಪ್ರಕಟನೆ 13ಕ್ಕೆ ಹೋಗೋದು ಕಾಗುಣಿತ ಬಿಟ್ಟು ಕಾವ್ಯ ಓದಕ್ಕೆ ಹೊರಟ ಹಂಗೆ.

ಅದೇ ಅಧ್ಯಾಯ ಎಚ್ಚರಿಕೇನೂ ಕೊಡತ್ತೆ. 14ನೇ ವಚನದಲ್ಲಿ 2300 ಸಾಯಂಕಾಲ, ಪ್ರಾತಃಕಾಲ ಅಂತಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ರೈತ ದಿನಕ್ಕೊಂದು ವರ್ಷ ಅಂತ ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತ ತಿರುಗಿ ಬರೋದು ಯಾವಾಗ ಅಂತ ಲೆಕ್ಕ ಹಾಕಿ 1843ಕ್ಕೆ ಬಂದ. ಕ್ರಿ.ಪೂ. 1 ಆದ್ಮೇಲೆ ನೇರ ಕ್ರಿ.ಶ. 1, ಮಧ್ಯೆ ಸೊನ್ನೆ ವರ್ಷ ಇಲ್ವಲ್ಲ, ಆ ಲೆಕ್ಕ ಸರಿ ಮಾಡಿದ್ರೆ 1844. ಕೊನೆಗೆ ಅವನ ಜೊತೆಗಾರರು 1844ರ ಅಕ್ಟೋಬರ್ 22 ಅಂತ ದಿನಾನೇ ಇಟ್ರು, ಹೊಲದಲ್ಲಿ ಆಲೂಗಡ್ಡೆ ಕೀಳದೇ ಬಿಟ್ಟೋರೂ ಇದ್ರು. 23ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಮಿಲ್ಲರ್ ಮೋಸಗಾರ ಆಗಿರ್ಲಿಲ್ಲ, ಆ ಸೊನ್ನೆ ವರ್ಷ ಬಿಟ್ರೆ ಕೂಡಿಸಿದ್ದೂ ತಪ್ಪಿರ್ಲಿಲ್ಲ, ಆ ವಚನ ಯಾವ ದೇವಾಲಯದ ಯಾವ ಹೋಮದ ಬಗ್ಗೆ ಮಾತಾಡ್ತಿದೆ ಅಂತ ಮೊದ್ಲು ನೋಡ್ಲಿಲ್ಲ ಅಷ್ಟೇ.

ಇದು ಓದು ಬರಹ ಕಮ್ಮಿ ಇದ್ದೋರ ಕಾಯಿಲೆ ಅಂದ್ಕೊಳ್ಬೇಡಿ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬೆಂಗೆಲ್ ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳನ್ನ ಅಕ್ಷರ ಅಕ್ಷರ ಹೋಲಿಸಿ ನೋಡಿದ ಮಹಾ ವಿದ್ವಾಂಸ, ಅಂಥವ್ರೇ ಪ್ರಕಟನೆಯ ಸಂಖ್ಯೆ ಗುಣಿಸಿ 1836 ಅಂತ ಬರೆದಿಟ್ರು, ಆ ಸೀಮೆಯ ಭಕ್ತರಲ್ಲಿ ಎಷ್ಟೋ ಜನ ಆ ವರ್ಷವನ್ನ ಎದುರು ನೋಡ್ತಿದ್ರು. ನಮಗೂ ಇದಕ್ಕೂ ನಂಟಿದೆ ಕಣ್ರಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರು ಆ ಭಕ್ತಿಯ ಮಣ್ಣಲ್ಲೇ ಇತ್ತು, 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಆ ವುರ್ಟೆಂಬರ್ಗಿನವ್ರೇ. 1836 ಬಂತು, ಹೋಯ್ತು, ಮಿಷನ್ನಿನೋರು ಪ್ರೆಸ್ಸು, ಹೆಂಚಿನ ಕಾರ್ಖಾನೆ, ಶಾಲೆ ಅಂತ ಕೆಲ್ಸ ಮಾಡ್ತಾನೇ ಇದ್ರು.

ದಾನಿಯೇಲ ಆದ್ಮೇಲೆ ಲೂಕ 4ರಲ್ಲಿ ಐದು ನಿಮಿಷ ನಿಂತು ಹೋಗಿ. ಯೇಸು ಸ್ವಾಮಿ ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ 61ನೇ ಅಧ್ಯಾಯ ಓದ್ತಾರೆ, ಬಡವರಿಗೆ ಶುಭವಾರ್ತೆ, ಕುರುಡರಿಗೆ ಕಣ್ಣು, ಕರ್ತನ ಶುಭವರ್ಷ. ಅಷ್ಟಕ್ಕೆ ಸುರುಳಿ ಸುತ್ತಿ ಕೊಟ್ಟು ಕೂತ್ಬಿಡ್ತಾರೆ. ಈಗ ಯೆಶಾಯ 61:2 ತೆಗೆದು ನೋಡಿ, ವಾಕ್ಯ ಅಲ್ಲಿಗೆ ಮುಗಿದೇ ಇಲ್ಲ, ಅದ್ರ ಬೆನ್ನಿಗೇ ದೇವರು ಮುಯ್ಯಿ ತೀರಿಸೋ ದಿನದ ಮಾತಿದೆ. ಪ್ರವಾದಿ ಒಂದೇ ಉಸಿರಲ್ಲಿ ಹೇಳಿದ್ದನ್ನ ಯೇಸು ಮಧ್ಯದಲ್ಲಿ ಕಡಿದು, ಮೊದಲರ್ಧ ಇವತ್ತು ನೆರವೇರಿತು ಅಂದ್ರು. "ಈಗಾಗ್ಲೇ, ಆದ್ರೆ ಇನ್ನೂ ಇಲ್ಲ" ಅಂತ ಪಾಸ್ಟರುಗಳು ಹೇಳ್ತಾರಲ್ಲ, ಅದನ್ನ ಒಂದು ಸುರುಳೀಲಿ ನೋಡೋಕೆ ಇದಕ್ಕಿಂತ ಒಳ್ಳೇ ಜಾಗ ನಂಗಂತೂ ಸಿಕ್ಕಿಲ್ಲ.

ಮುಂದೆ ಮತ್ತಾಯ 24, ಪಕ್ಕದಲ್ಲಿ ಲೂಕ 21, ಎರಡೂ ಒಟ್ಟಿಗೆ ಬಿಚ್ಚಿಟ್ಕೊಂಡೇ ಓದ್ಬೇಕು. ಶಿಷ್ಯರು ದೇವಾಲಯದ ಕಟ್ಟಡ ತೋರಿಸ್ತಾರೆ, ಕಲ್ಲಿನ ಮೇಲೆ ಕಲ್ಲು ನಿಲ್ಲಲ್ಲ ಅಂತಾರೆ ಯೇಸು, ಆಗ ಶಿಷ್ಯರು ಇದು ಯಾವಾಗ ಆಗತ್ತೆ, ನೀನು ಬರೋದಕ್ಕೂ ಯುಗದ ಸಮಾಪ್ತಿಗೂ ಸೂಚನೆ ಏನು ಅಂತ ಕೇಳ್ತಾರೆ. ಅವ್ರ ತಲೇಲಿ ಎಲ್ಲಾ ಒಂದೇ, ದೇವಾಲಯ ಬಿದ್ರೆ ಲೋಕಾನೇ ಮುಗೀತು. ಉತ್ತರದಲ್ಲಿ ಎಷ್ಟು ಭಾಗ ದೇವಾಲಯದ್ದು ಎಷ್ಟು ಭಾಗ ಎರಡನೇ ಬರೋಣದ್ದು ಅನ್ನೋದೇ ಈ ಅಧ್ಯಾಯದ ಗಂಟು. ಮತ್ತಾಯ "ದಾನಿಯೇಲ ಹೇಳಿದ ಹಾಳುಮಾಡುವ ಅಸಹ್ಯ ವಸ್ತು" ಅಂತ ಬರೆದ ಕಡೆ ಲೂಕ ಸೈನ್ಯಗಳು ಯೆರೂಸಲೇಮನ್ನ ಮುತ್ತಿದ್ದು ಕಂಡಾಗ ಅಂತ ಬಿಡಿಸಿ ಬರೀತಾನೆ. ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ಟೈಟಸನ ಸೈನ್ಯ ಅದನ್ನೇ ಮಾಡ್ತು, ಕೊಳ್ಳೆ ಹೊಡೆದ ಏಳು ಕವಲಿನ ದೀಪಸ್ತಂಭ ಹೊತ್ಕೊಂಡು ಹೋಗೋ ಚಿತ್ರ ರೋಮಿನ ಟೈಟಸ್ ಕಮಾನಿನ ಮೇಲೆ ಈಗ್ಲೂ ಇದೆ, ಮೇಲಿಂದ ಉರುಳಿಸಿದ ಕಲ್ಲುಗಳು ಪಶ್ಚಿಮ ಗೋಡೆಯ ಬುಡದಲ್ಲಿ ಹಳೇ ಬೀದಿ ಮೇಲೆ ಬಿದ್ದಲ್ಲೇ ಬಿದ್ದಿವೆ. ನೋಡಿ, ದಾನಿಯೇಲನ ಮಾತು ಅಂತಿಯೋಕಸನಲ್ಲಿ ಆಯ್ತು ಅಂದ್ಮೇಲೂ ಯೇಸು ಅದನ್ನ ಮತ್ತೆ ಮುಂದಿನ ಮಾತಾಗಿ ಬಳಸ್ತಾರೆ. ಹಾಗಾಗಿ ಒಂದು ಸಲ ನೆರವೇರಿದ್ದು ಮುಗಿದ ಕಥೆ ಅಂತ ಹೇಳೋಕಾಗಲ್ಲ, ಅದೇ ಅಚ್ಚು ಮತ್ತೆ ಬೀಳಬಹುದು.

ಅಂದಹಾಗೆ ಯುದ್ಧ, ಬರ, ಭೂಕಂಪ ಆದಾಗೆಲ್ಲ ಫಾರ್ವರ್ಡ್ ಮಾಡೋರು 6ನೇ ವಚನ ಪೂರ್ತಿ ಓದಲ್ಲ. ಯುದ್ಧದ ಸುದ್ದಿ ಕೇಳಿದಾಗ ಕಳವಳ ಪಡ್ಬೇಡಿ, ಇನ್ನೂ ಅಂತ್ಯ ಬಂದಿಲ್ಲ ಅಂತಾನೇ ಅಲ್ಲಿರೋದು. ನಾವು ಅದನ್ನ ಕಳವಳಕ್ಕೇ ಬಳಸ್ತೀವಿ.

ಪೌಲ ಥೆಸಲೊನೀಕದ ಸಭೆಗೆ ಬರೆದ ಎರಡು ಪತ್ರ ಚಿಕ್ಕವು, ಒಂದೇ ಸಂಜೆ ಸಾಕು. ಮೊದಲ ಪತ್ರದ 4ನೇ ಅಧ್ಯಾಯ ರ‍್ಯಾಪ್ಚರ್ ಚರ್ಚೆಯ ತವರು, ನಾವು ಮೇಘಗಳಲ್ಲಿ ಒಯ್ಯಲ್ಪಡ್ತೀವಿ ಅನ್ನೋ ಮಾತು ಅಲ್ಲಿದೆ. ಆದ್ರೆ ಪೌಲ ಅದನ್ನ ಬರೆದಿದ್ದು ವೇಳಾಪಟ್ಟಿ ಕೊಡೋಕಲ್ಲ, ಆ ಸಭೇಲಿ ಯಾರೋ ತೀರ್ಕೊಂಡಿದ್ರು, ಕರ್ತನು ಬರೋ ಹೊತ್ತಿಗೆ ಅವ್ರು ತಪ್ಪಿಸ್ಕೊಳ್ತಾರಾ ಅಂತ ಮನೆಯೋರು ಅಳ್ತಿದ್ರು, ಅವ್ರನ್ನ ಸಮಾಧಾನ ಮಾಡೋಕೆ. ಎರಡನೇ ಪತ್ರದ 2:2 ಓದಿದಾಗ ನಂಗೆ ನಗು ತಡೆಯಕ್ಕಾಗ್ಲಿಲ್ಲ, ಕರ್ತನ ದಿನ ಬಂದೇಬಿಡ್ತು ಅಂತ ನಮ್ ಹೆಸ್ರಲ್ಲಿ ಪತ್ರ ಬಂದ್ರೂ ನಂಬ್ಬೇಡಿ ಅಂತಾನೆ. ಫೇಕ್ ಫಾರ್ವರ್ಡ್ ಆಗ್ಲೇ ಇತ್ತು! 3ನೇ ಅಧ್ಯಾಯದಲ್ಲಿ ಕೆಲ್ಸ ಮಾಡದವನು ಊಟಾನೂ ಮಾಡ್ಬಾರ್ದು ಅಂತ ಖಾರವಾಗೇ ಬರೀತಾನೆ. ಇನ್ನೊಂದು, "ಕ್ರಿಸ್ತವಿರೋಧಿ" ಅನ್ನೋ ಪದ ಪ್ರಕಟನೆಯಲ್ಲಿ ಒಂದು ಸಲಾನೂ ಇಲ್ಲ, ಅದಿರೋದು ಯೋಹಾನನ ಮೊದಲೆರಡು ಪತ್ರದಲ್ಲಿ ಮಾತ್ರ, ಅಲ್ಲೂ ಅನೇಕ ಕ್ರಿಸ್ತವಿರೋಧಿಗಳು ಈಗಾಗ್ಲೇ ಎದ್ದಿದಾರೆ ಅಂತ ಬಹುವಚನದಲ್ಲಿದೆ.

ಇಷ್ಟಾದ ಮೇಲೆ ಪ್ರಕಟನೆ. ಇದು ಪತ್ರ, ವಿಳಾಸ ಇರೋ ಪತ್ರ, ಇವತ್ತಿನ ಟರ್ಕಿಯಲ್ಲಿರೋ ಏಳು ಊರಿನ ಸಭೆಗಳಿಗೆ ಪತ್ಮೊಸ್ ದ್ವೀಪದಿಂದ ಬಂದಿದ್ದು. ಹೆಚ್ಚಿನೋರು ಸಾಮ್ರಾಟ ದೊಮಿತಿಯನ್ ಕಾಲ, ಸುಮಾರು ಕ್ರಿ.ಶ. 95 ಅಂತಾರೆ, ಅವನಿಗೂ ಮುಂಚೆ, ಕ್ರೈಸ್ತರನ್ನ ಹಿಂಸಿಸಿದ ಸಾಮ್ರಾಟ ನೀರೋ ಸತ್ತ ಹೊಸತರಲ್ಲೇ ಅನ್ನೋರೂ ಇದಾರೆ. ಲವೊದಿಕೀಯದ ಪತ್ರ ತಗೊಳ್ಳಿ, "ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀಯ" ಅನ್ನೋದನ್ನ ಬಿಸಿ ಅಂದ್ರೆ ಭಕ್ತಿ, ತಣ್ಣಗೆ ಅಂದ್ರೆ ಅವಿಶ್ವಾಸ ಅಂತ ನಾವು ಪ್ರಸಂಗದಲ್ಲಿ ಕೇಳಿ ಕೇಳಿ ಅಭ್ಯಾಸ. ಹಾಗಾದ್ರೆ ತಣ್ಣಗಾದ್ರೂ ಇರು ಅಂತ ಯಾಕಂತಾರೆ? ಆ ಊರಿನ ಒಂದು ಕಡೆ ಹಿಯರಾಪೊಲಿ, ಬಿಸಿನೀರಿನ ಬುಗ್ಗೆ, ಮೈಕೈ ನೋವಿಗೆ ಜನ ಹೋಗಿ ಮುಳುಗ್ತಿದ್ದ ಜಾಗ, ಇನ್ನೊಂದು ಕಡೆ ಕೊಲೊಸ್ಸೆ, ಬೆಟ್ಟದ ತಣ್ಣನೆ ನೀರು. ಲವೊದಿಕೀಯಕ್ಕೆ ಮಾತ್ರ ಕಲ್ಲಿನ ಪೈಪಲ್ಲಿ ದೂರದಿಂದ ಸುಣ್ಣ ತುಂಬಿದ ನೀರು ಬರ್ತಿತ್ತು, ಆ ಪೈಪಿನ ಒಳಗೆ ಗಟ್ಟಿ ಕಟ್ಟಿರೋ ಸುಣ್ಣದ ಪದರ ಈಗ್ಲೂ ಕಾಣತ್ತೆ. ಬಿಸಿನೀರು ಒಂದಕ್ಕೆ ಬರತ್ತೆ, ತಣ್ಣೀರು ಇನ್ನೊಂದಕ್ಕೆ, ಇದು ಯಾವ್ದಕ್ಕೂ ಇಲ್ಲ, ಉಗಿಯೋದೇ. "ನಾನು ಐಶ್ವರ್ಯವಂತ, ನಂಗೇನೂ ಕೊರತೆ ಇಲ್ಲ" ಅಂತಿದ್ದ ಊರದು, ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದಾಗ ರೋಮಿನ ಪರಿಹಾರ ತಗೊಳ್ದೇ ಸ್ವಂತ ದುಡ್ಡಲ್ಲಿ ಎದ್ದು ನಿಂತಿತು ಅಂತ ಇತಿಹಾಸಕಾರ ತಾಸಿತಸ್ ಬರೆದಿದಾನೆ.

ಈಗ 666, ಕೇಳ್ದೇ ಬಿಡಲ್ಲ ನೀವು. ಸಂಗೀತ ಕಲ್ತೋರಿಗೆ ಅಕ್ಷರಕ್ಕೊಂದು ಅಂಕಿ ಕೊಡೋ ಕಟಪಯಾದಿ ಗೊತ್ತಿರತ್ತೆ, ಮೇಚಕಲ್ಯಾಣಿಯ "ಮ"ಗೆ 5, "ಚ"ಗೆ 6, ತಿರುಗಿಸಿದ್ರೆ 65, ಅದೇ ಆ ಮೇಳದ ನಂಬರು. ಹೀಬ್ರೂ, ಗ್ರೀಕಿನಲ್ಲೂ ಅಕ್ಷರಗಳೇ ಅಂಕಿ, ಹೆಸರನ್ನ ಸಂಖ್ಯೆ ಮಾಡಿ ಹೇಳೋದು ಆಗಿನ ಜನರ ರೂಢಿ, ಅದಕ್ಕೇ ಯೋಹಾನ "ಬುದ್ಧಿ ಇದ್ದೋನು ಎಣಿಸ್ಲಿ" ಅಂತ ಓದುಗರಿಗೇ ಬಿಡ್ತಾನೆ. ನೀರೋ ಕೈಸರ ಅನ್ನೋದನ್ನ ಹೀಬ್ರೂ ಅಕ್ಷರದಲ್ಲಿ ಬರೆದ್ರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಕ್ 60, ರೇಶ್ 200. ಕೂಡಿಸಿ. ಮಜಾ ಏನಂದ್ರೆ ಕೆಲವು ಹಳೇ ಪ್ರತಿಗಳಲ್ಲಿ 666ರ ಬದ್ಲು 616 ಇದೆ, ನೀರೋನ್ ಅನ್ನೋದನ್ನ ಲ್ಯಾಟಿನ್ನಿನ ಹಂಗೆ ನೀರೋ ಅಂತ ಬರೆದ್ರೆ ಕೊನೇ ನೂನ್ ಬಿದ್ದು 50 ಕಮ್ಮಿ ಆಗತ್ತೆ, ಸರಿಯಾಗಿ 616! ಇದೊಂದೇ ಉತ್ತರ ಅಂತ ನಾನು ಮೇಜು ಕುಟ್ಟಲ್ಲ, ಕ್ರಿ.ಶ. 180ರ ಆಸುಪಾಸಲ್ಲಿ ಬರೆದ ಇರೇನಿಯಸ್ ಬೇರೆ ಬೇರೆ ಹೆಸರು ಹಾಕಿ ನೋಡಿ, ಖಚಿತವಾಗಿ ಹೇಳಕ್ಕೆ ಹೋಗ್ಬಾರ್ದು ಅಂತ ಕೈ ಬಿಟ್ಟಿದಾರೆ. ಆದ್ರೆ ಆ ಏಳು ಊರಲ್ಲಿ ಒಂದಾದ ಸ್ಮುರ್ನದ ಒಬ್ಬ ಬಡ ವಿಶ್ವಾಸಿ ಎಣಿಸೋಕೆ ಸಾಧ್ಯ ಇರೋ ಉತ್ತರ ಇರ್ಬೇಕು ತಾನೇ. ಬಾರ್‌ಕೋಡ್, ಆಧಾರ್, ವ್ಯಾಕ್ಸಿನ್ ಅಂತ ಅವನು ಹೇಗೆ ಎಣಿಸ್ತಾನೆ?

ಯೂಫ್ರೇಟೀಸ್ ವಿಡಿಯೋನೂ ಅಷ್ಟೇ. ನದಿ ಬತ್ತೋದಕ್ಕೆ ಬರ ಇದೆ, ಟರ್ಕಿಯ ಅಟಾಟುರ್ಕ್ ಡ್ಯಾಮ್ ಥರದ ದೊಡ್ಡ ಡ್ಯಾಮುಗಳಿವೆ. ಆದ್ರೆ ಆ ನದಿ ಬತ್ತಿತು ಅನ್ನೋ ಪ್ರಕಟನೆ 16:12 ಕೇಳಿದ ಆ ಕಾಲದವನಿಗೆ ಯೂಫ್ರೇಟೀಸ್ ಅಂದ್ರೆ ರೋಮಿನ ಪೂರ್ವದ ಗಡಿ, ಆಚೆ ರೋಮಿನ ವೈರಿ ಪಾರ್ಥಿಯನ್ನರ ಕುದುರೆ ಸೈನ್ಯ. ಗಡಿ ಬತ್ತಿತು ಅಂದ್ರೆ ಅವನ ಎದೆ ಧಸಕ್ ಅನ್ನೋದು ಅದಕ್ಕೆ.

ಪುಸ್ತಕದ ಹೊಂದಿಕೆ ಬಗ್ಗೆ ಒಂದೇ ಮಾತು. ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ ಒಂದಾದ್ಮೇಲೊಂದು 21 ಘಟನೆ ಅಂತ ಚಾರ್ಟ್ ಬರೆಯೋ ಮುಂಚೆ 6ನೇ ಅಧ್ಯಾಯದ ಆರನೇ ಮುದ್ರೆ ನೋಡಿ. ಅಲ್ಲೇ ಆಕಾಶ ಸುರುಳಿ ಹಂಗೆ ಸುತ್ಕೊಂಡು ಹೋಯ್ತು, ಬೆಟ್ಟ ದ್ವೀಪ ಎಲ್ಲಾ ಕದಲಿದ್ವು, ನಕ್ಷತ್ರ ಉದುರಿದ್ವು. 8ನೇ ಅಧ್ಯಾಯದಲ್ಲಿ ನೋಡಿದ್ರೆ ನಕ್ಷತ್ರಗಳು ಮತ್ತೆ ಮೇಲಿವೆ, ಮೂರನೇ ಒಂದು ಭಾಗ ಕತ್ತಲಾಗೋಕೆ. ಅದೇ ಕಥೆಯನ್ನ ಮತ್ತೆ ಮತ್ತೆ ಸುತ್ತಿ ಹೇಳ್ತಿದಾನೆ ಅಂತ ನಂಗನ್ಸತ್ತೆ. ಸಾಲಾಗೇ ಆಗತ್ತೆ ಅಂತ ನಂಬೋ ಒಳ್ಳೇ ಪಾಸ್ಟರುಗಳು ನಂಗೆ ಗೊತ್ತು, ಅವ್ರ ಜೊತೆ ಚಾ ಕುಡೀತೀನಿ, ಜಗಳ ಆಡಲ್ಲ.

20ನೇ ಅಧ್ಯಾಯದ ಸಾವಿರ ವರ್ಷದ್ದೇ ದೊಡ್ಡ ಜಗಳ, ಆರೇಳು ವಚನದಲ್ಲಿ ಆರು ಸಲ ಆ ಮಾತು ಬರತ್ತೆ. ಕ್ರಿಸ್ತ ಮೊದ್ಲು ಬಂದು ಆಮೇಲೆ ಭೂಮಿ ಮೇಲೆ ಸಾವಿರ ವರ್ಷ ಆಳ್ತಾರೆ ಅನ್ನೋದು ಒಂದು ಗುಂಪು, ಜಸ್ಟಿನ್, ಇರೇನಿಯಸ್ ಥರದ ಹಳಬರೂ ಹಾಗೇ ನಂಬಿದ್ರು. ಈಗಿನ ಸಭೆಯ ಕಾಲವೇ ಆ ಸಾವಿರ, ಸಂಖ್ಯೆ ಸಾಂಕೇತಿಕ ಅನ್ನೋದು ಅಗಸ್ಟೀನ್ ಹಿಡಿದ ದಾರಿ, ಕ್ಯಾಥೊಲಿಕರು, ಬಹಳಷ್ಟು ಹಳೇ ಪ್ರಾಟೆಸ್ಟೆಂಟ್ ಸಭೆಗಳು ಅದ್ರ ಹತ್ರಾನೇ ಇದಾರೆ. ಸುವಾರ್ತೆ ಲೋಕನೆಲ್ಲ ಗೆದ್ದ ಮೇಲೆ ಕ್ರಿಸ್ತ ಬರೋದು ಅನ್ನೋರು ಮೂರನೇಯವ್ರು, ನಮ್ ಕಡೆ ಅಪರೂಪ. ನಮ್ ಕನ್ನಡ ಪೆಂಟೆಕಾಸ್ಟಲ್, ಬ್ರದರನ್ ಸಭೆಗಳಲ್ಲಿ ಗೋಡೆಗೆ ಹಾಕೋ ಚಾರ್ಟಿದೆಯಲ್ಲ, ಮೊದ್ಲು ಗುಟ್ಟಾಗಿ ಸಭೆ ಎತ್ತಲ್ಪಡೋದು, ಆಮೇಲೆ ಏಳು ವರ್ಷ ಮಹಾ ಸಂಕಟ, ಆಮೇಲೆ ಬರೋಣ, ಆ ಕ್ರಮವನ್ನ ಹೀಗೆ ಜೋಡಿಸಿ ಹರಡಿದ್ದು 1830ರ ನಂತರ ಜಾನ್ ನೆಲ್ಸನ್ ಡಾರ್ಬಿ, ಅಮೆರಿಕದಲ್ಲಿ 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ ಅದು ಮನೆಮನೆಗೆ ಹೋಯ್ತು. ಹೊಸತು ಅಂದ ಮಾತ್ರಕ್ಕೆ ತಪ್ಪು ಅಂತಲ್ಲ, ಆದ್ರೆ ಯಾವ್ದು ವಚನ ಯಾವ್ದು ಅಡಿಟಿಪ್ಪಣಿ ಅಂತ ಗೊತ್ತಿರ್ಬೇಕು. ಕ್ರಿಸ್ತ ತಿರುಗಿ ಬರ್ತಾರೆ, ಸತ್ತೋರು ಏಳ್ತಾರೆ, ನ್ಯಾಯತೀರ್ಪಿದೆ, ಎಲ್ಲಾ ಹೊಸದಾಗತ್ತೆ, ಇಷ್ಟರಲ್ಲಿ ಈ ಯಾರಿಗೂ ತಕರಾರಿಲ್ಲ. ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಬೈಬಲಿಗೆ ಅಷ್ಟೊಂದು ವ್ಯಾಖ್ಯಾನ ಬರೆದೂ ಪ್ರಕಟನೆಗೆ ಬರೀಲಿಲ್ಲ ಅನ್ನೋದು ನಂಗೆ ಒಂಥರಾ ಧೈರ್ಯ ಕೊಡತ್ತೆ.

ಕೊನೆಗೆ ಓದೋ ಬಗೆ. 1:3ರಲ್ಲಿ ಓದುವವನೂ ಕೇಳುವವರೂ ಧನ್ಯರು ಅಂತಿದೆ, ಒಬ್ಬ ಜೋರಾಗಿ ಓದಿ ಮಿಕ್ಕೋರು ಕೇಳೋಕೆ ಅಂತಾನೇ ಬರೆದಿದ್ದು. ಮೂರನೇ ಸಲ ನಮ್ ಕೂಟದಲ್ಲಿ ಹಂಗೇ ಮಾಡಿದ್ವಿ, ದಾನಿಯೇಲ, ಮತ್ತಾಯ ಎಲ್ಲಾ ಮುಗಿಸಿ, ಒಂದು ಭಾನುವಾರ ಸಂಜೆ ವ್ಯಾಖ್ಯಾನ ಇಲ್ಲ, ಚಾರ್ಟ್ ಇಲ್ಲ, 22 ಅಧ್ಯಾಯ ಸರದಿ ಮೇಲೆ ಓದಿದ್ವಿ. 18ನೇ ಅಧ್ಯಾಯದಲ್ಲಿ ಬಾಬೆಲ್ ಬಿದ್ದಾಗ ವರ್ತಕರು ತಮ್ಮ ಸರಕಿಗಾಗಿ ಅಳೋ ಪಟ್ಟಿ ಇದೆ, ಚಿನ್ನ, ಮುತ್ತು, ದಾಲ್ಚಿನ್ನಿ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ, ಆಮೇಲೆ ಗುಲಾಮರು, ಮನುಷ್ಯರ ಪ್ರಾಣ. ಚಿತ್ರದುರ್ಗದ ಚಂದ್ರವಳ್ಳಿ ಅಗೆತದಲ್ಲಿ ರೋಮನ್ ನಾಣ್ಯ ಸಿಕ್ಕಿದ್ವು, ಆ ವ್ಯಾಪಾರದ ತುದಿ ನಮ್ ಊರಿಗೂ ಮುಟ್ಟಿತ್ತು ಅಂತ ಹೇಳ್ಬೇಕು ಅಂತ ನಾನು ಬಾಯಿ ತೆಗೆಯೋಷ್ಟರಲ್ಲಿ, ಮೂಲೇಲಿ ಕೂತಿದ್ದ ಓದಕ್ಕೆ ಬಾರದ ಒಬ್ರು ಅಜ್ಜಿ ಕೈ ಎತ್ತಿ ನಿಲ್ಸಿದ್ರು. "ಆ ಪಟ್ಟಿ ಇನ್ನೊಂದ್ ಸಲ ಓದಪ್ಪ" ಅಂದ್ರು. ಓದ್ದೆ. "ಮನುಸ್ರನ್ನ ಕುದ್ರೆ ಆದ್ಮೇಲ್ ಬರ್ದವ್ರೆ, ನೋಡ್ದಾ" ಅಂದ್ರು. ಅಷ್ಟು ವರ್ಷ ನಾನದನ್ನ ಗಮನಿಸಿರ್ಲೇ ಇಲ್ಲ. ಚಂದ್ರವಳ್ಳಿ ವಿಷ್ಯ ಅಲ್ಲಿಗೇ ಬಿಟ್ಟು ಮುಂದಿನ ವಚನ ಓದ್ದೆ.